ಓದಿದ್ದು ತಲೆಗೆ ಹೋಯಿತೇ? ಅರ್ಥ ಮಾಡಿಕೊಂಡು ಓದುವುದನ್ನು ಮಕ್ಕಳಿಗೆ ಕಲಿಸುವ ಬಗೆ

ಮೂರನೇ ತರಗತಿಯ ಒಬ್ಬ ಹುಡುಗಿ ನನ್ನ ಮೇಜಿನ ಪಕ್ಕ ನಿಂತು ಒಂದು ಕತೆ ಓದಿದಳು. ಒಂದು ಒತ್ತಕ್ಷರವೂ ತಪ್ಪಲಿಲ್ಲ. ಅಲ್ಪವಿರಾಮ ಬಂದಲ್ಲಿ ನಿಂತಳು, ಪೂರ್ಣವಿರಾಮ ಬಂದಲ್ಲಿ ದನಿ ಇಳಿಸಿದಳು. ನಾನು ಬೆನ್ನು ತಟ್ಟಿ, "ಸರಿ ಪುಟ್ಟಿ, ಕತೆಯಲ್ಲಿ ಏನಾಯ್ತು ಹೇಳು" ಅಂದೆ. ಅವಳು ಒಮ್ಮೆ ಪುಸ್ತಕ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. "ಓದಿದೆನಲ್ಲ ಟೀಚರ್" ಅಂದಳು.

ಅವಳು ಸುಳ್ಳು ಹೇಳುತ್ತಿರಲಿಲ್ಲ. ಓದು ಅಂದರೆ ಅಕ್ಷರಗಳನ್ನು ತಪ್ಪಿಲ್ಲದೆ ಬಾಯಿಗೆ ತರುವುದು ಎಂದೇ ಅವಳು ತಿಳಿದಿದ್ದಳು. ಹಾಗೆ ತಿಳಿಯುವಂತೆ ಮಾಡಿದವಳು ನಾನು. ವರ್ಷಗಟ್ಟಲೆ ನಾನು ಮಕ್ಕಳ ಉಚ್ಚಾರ ತಿದ್ದಿದ್ದೆ, ಪಾಠ ಮುಗಿದ ಮೇಲೆ ಪ್ರಶ್ನೆ ಕೇಳಿದ್ದೆ. ಇವೆರಡರ ನಡುವೆ ಒಂದು ದೊಡ್ಡ ಕೆಲಸವಿದೆ, ಅದನ್ನು ಯಾರಾದರೂ ಮಾಡಿ ತೋರಿಸಬೇಕು ಎಂಬುದು ನನಗೆ ಹೊಳೆದಿರಲೇ ಇಲ್ಲ.

ಇದು ನನ್ನೊಬ್ಬಳ ಕತೆಯಲ್ಲ. ಡೊಲೊರೆಸ್ ಡರ್ಕಿನ್ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದ ಕೊನೆಯಲ್ಲಿ ನಾಲ್ಕನೇ ತರಗತಿಗಳಲ್ಲಿ ಕೂತು ಓದಿನ ಪಾಠಗಳನ್ನು ನಿಮಿಷ ನಿಮಿಷವಾಗಿ ಲೆಕ್ಕ ಹಾಕಿದರು. 4,469 ನಿಮಿಷಗಳ ಓದಿನ ಪಾಠದಲ್ಲಿ ಅರ್ಥ ಮಾಡಿಕೊಳ್ಳುವುದು ಹೇಗೆಂದು ಕಲಿಸಲು ಹೋದದ್ದು ಸುಮಾರು 20 ನಿಮಿಷ. ಪ್ರಶ್ನೆಗಳಿಗೆ ಮಾತ್ರ ಬರವಿರಲಿಲ್ಲ. ಆ ಲೆಕ್ಕ ಓದಿದ ದಿನ ನನ್ನ ತರಗತಿಯೇ ಕಣ್ಣ ಮುಂದೆ ಬಂತು. ಪ್ರಶ್ನೆ ಕೇಳಿದರೆ ಮಗುವಿಗೆ ಅರ್ಥವಾಗಿದೆಯೋ ಇಲ್ಲವೋ ನಮಗೆ ತಿಳಿಯುತ್ತದೆ. ಅರ್ಥ ಮಾಡಿಕೊಳ್ಳುವ ದಾರಿ ಮಗುವಿಗೆ ತಿಳಿಯುವುದಿಲ್ಲ. ಈ ಬರಹ ಆ ದಾರಿಯ ಬಗ್ಗೆ. ಆರರಿಂದ ಹತ್ತು ಹನ್ನೊಂದು ವರ್ಷದ ಮಕ್ಕಳನ್ನು ಕೂರಿಸಿಕೊಂಡು ಓದಿಸುವ ಅಮ್ಮ, ಅಪ್ಪ, ಅಜ್ಜಿ, ಟೀಚರ್ ಯಾರೇ ಆಗಲಿ, ಇದನ್ನು ಮಾಡಬಹುದು.

ಸರಿಯುತ್ತರ ಬಂದರೆ ಅರ್ಥವಾಗಿದೆ ಅಂತಲ್ಲ

ಮೊದಲು ಈ ವಾಕ್ಯ ಓದಿ:

ಗಿರಬನು ಚಟೋಲದಲ್ಲಿ ಮುಡಸವನ್ನು ಲಪಿಸಿದನು.

ಈಗ ಉತ್ತರ ಹೇಳಿ. ಮುಡಸವನ್ನು ಲಪಿಸಿದವನು ಯಾರು? ಗಿರಬ. ಎಲ್ಲಿ ಲಪಿಸಿದ? ಚಟೋಲದಲ್ಲಿ. ಏನನ್ನು ಲಪಿಸಿದ? ಮುಡಸವನ್ನು. ಮೂರಕ್ಕೆ ಮೂರು ಅಂಕ. ಆದರೆ ಇದರಲ್ಲಿ ಒಂದು ಪದಕ್ಕೂ ಅರ್ಥವಿಲ್ಲ, ಎಲ್ಲ ನಾನೇ ಕಟ್ಟಿದವು.

ಕನ್ನಡದಲ್ಲಿ ಈ ಅಪಾಯ ಇನ್ನೂ ಹೆಚ್ಚು, ಏಕೆಂದರೆ ನಮ್ಮ ವಿಭಕ್ತಿ ಪ್ರತ್ಯಯಗಳೇ ಉತ್ತರ ಹೇಳಿಕೊಟ್ಟುಬಿಡುತ್ತವೆ. "ಎಲ್ಲಿ" ಅಂದರೆ "ಅಲ್ಲಿ" ಇರುವ ಪದ ಹುಡುಕು, "ಏನನ್ನು" ಅಂದರೆ "ಅನ್ನು" ಇರುವ ಪದ ಹುಡುಕು. ಚುರುಕಾದ ಮಕ್ಕಳು ಎರಡನೇ ತರಗತಿಗೇ ಈ ಉಪಾಯ ಕಂಡುಕೊಂಡಿರುತ್ತಾರೆ. ಪ್ರಶ್ನೆಯಲ್ಲಿರುವ ಪದ ಯಾವ ಸಾಲಿನಲ್ಲಿದೆಯೋ ಆ ಸಾಲನ್ನು ಹಾಗೇ ನೋಟ್ ಬುಕ್ಕಿಗೆ ಇಳಿಸುತ್ತಾರೆ. ನೋಟ್ ಬುಕ್ ತುಂಬ ಸರಿ ಗುರುತು ಬೀಳುತ್ತವೆ. ಐದನೇ ತರಗತಿಗೆ ಬಂದು, ಉತ್ತರ ಒಂದೇ ಸಾಲಿನಲ್ಲಿ ಸಿಗದ ಪ್ರಶ್ನೆ ಎದುರಾದಾಗ, "ಚೆನ್ನಾಗಿ ಓದುತ್ತಿದ್ದ ಮಗು ಯಾಕೋ ಹಿಂದೆ ಬಿತ್ತು" ಅನ್ನುತ್ತೇವೆ. ಮಗು ಹಿಂದೆ ಬಿದ್ದಿಲ್ಲ. ಮೊದಲಿನಿಂದಲೂ ಅದು ನಿಂತಿದ್ದದ್ದು ಅಲ್ಲೇ.

ಆದ್ದರಿಂದ ಮಕ್ಕಳಿಗೆ ಈ ಗಿರಬನ ವಾಕ್ಯವನ್ನೇ ಕೊಟ್ಟು ನೋಡಿ. ಅವರು ಉತ್ತರ ಹೇಳಿದ ಮೇಲೆ, "ಸರಿ, ಇದರ ಚಿತ್ರ ಬರಿ" ಅನ್ನಿ. ಬರೆಯಲಾಗುವುದಿಲ್ಲ. ಉತ್ತರ ಸಿಗುವುದಕ್ಕೂ ಅರ್ಥವಾಗುವುದಕ್ಕೂ ಇರುವ ವ್ಯತ್ಯಾಸ ಅವರಿಗೇ ಕಾಣುತ್ತದೆ. ನಾನು ಎಷ್ಟು ವಿವರಿಸಿದ್ದರೂ ಇಷ್ಟು ಚೆನ್ನಾಗಿ ಹೇಳಲಾಗುತ್ತಿರಲಿಲ್ಲ.

ತೊಡಕು ಎಲ್ಲಿದೆ ಎಂದು ಮೊದಲು ನೋಡಿ

ಓದಿದ್ದು ಅರ್ಥವಾಗದ ಮಕ್ಕಳೆಲ್ಲರಿಗೂ ಒಂದೇ ಮದ್ದು ಕೊಟ್ಟರೆ ಆಗುವುದಿಲ್ಲ. ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಒಂದು ಸರಳ ಸೂತ್ರ ಮುಂದಿಟ್ಟರು: ಓದಿನ ಅರ್ಥಗ್ರಹಣವೆಂದರೆ ಅಕ್ಷರ ಬಿಡಿಸುವ ಶಕ್ತಿ ಮತ್ತು ಕೇಳಿದ ಮಾತನ್ನು ಅರ್ಥ ಮಾಡಿಕೊಳ್ಳುವ ಶಕ್ತಿ, ಇವೆರಡರ ಗುಣಲಬ್ಧ. ಕೂಡುವುದಲ್ಲ, ಗುಣಿಸುವುದು. ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಒಟ್ಟು ಸೊನ್ನೆಯೇ.

ಇದನ್ನು ಹತ್ತು ನಿಮಿಷದಲ್ಲಿ ಪರೀಕ್ಷಿಸಬಹುದು. ಮಗು ಓದಿರದ, ಅದರ ತರಗತಿಗೆ ತಕ್ಕ ಎರಡು ಸಣ್ಣ ಕತೆಗಳನ್ನು ತೆಗೆದುಕೊಳ್ಳಿ. ಒಂದನ್ನು ಮಗುವೇ ಓದಲಿ, ಆಮೇಲೆ ಕತೆ ಹೇಳಲಿ. ಇನ್ನೊಂದನ್ನು ನೀವು ಓದಿ ಹೇಳಿ, ಆಮೇಲೆ ಮಗು ಕತೆ ಹೇಳಲಿ. ನೀವು ಓದಿದ ಕತೆಯನ್ನು ಚೆನ್ನಾಗಿ ಹೇಳಿ, ತಾನು ಓದಿದ್ದನ್ನು ಹೇಳಲಾಗದಿದ್ದರೆ ತೊಡಕು ಅಕ್ಷರದಲ್ಲಿದೆ. ಆ ಮಗುವಿಗೆ ಕಾಗುಣಿತ, ಒತ್ತಕ್ಷರಗಳ ಅಭ್ಯಾಸ ಬೇಕು, ಒಂದೇ ಪುಟವನ್ನು ಮೂರ್ನಾಲ್ಕು ಸಲ ಓದಿ ನಾಲಿಗೆ ಪಳಗಬೇಕು. ಎರಡನ್ನೂ ಹೇಳಲಾಗದಿದ್ದರೆ ತೊಡಕು ಭಾಷೆಯಲ್ಲಿ, ಪದಗಳಲ್ಲಿ, ಕೆಲವೊಮ್ಮೆ ಕೇಳುವ ಗಮನದಲ್ಲಿ. ಅಂಥ ಮಗುವಿಗೆ ಓದಿ ಹೇಳುವುದು, ಅದರ ಜೊತೆ ಮಾತಾಡುವುದು ಹೆಚ್ಚಾಗಬೇಕು. ಎರಡೂ ಕಡೆ ಪದ ಗೊತ್ತು, ಅಕ್ಷರ ಗೊತ್ತು, ಆದರೂ ಓದಿದ್ದು ನಿಲ್ಲುವುದಿಲ್ಲ ಅಂದರೆ ಆ ಮಗು ನನ್ನ ಆ ಹುಡುಗಿಯ ಹಾಗೆ. ಅರ್ಥ ಹುಡುಕುತ್ತ ಓದಬೇಕೆಂದು ಯಾರೂ ಅದಕ್ಕೆ ತೋರಿಸಿಲ್ಲ.

ಅಕ್ಷರದ ತೊಡಕಿರುವ ಮಕ್ಕಳ ವಿಷಯದಲ್ಲಿ ತಾಳ್ಮೆ ಬೇಕು. ಕನ್ನಡದಲ್ಲಿ ಒಂದೊಂದು ವ್ಯಂಜನಕ್ಕೂ ಪೂರ್ತಿ ಕಾಗುಣಿತ, ಅದರ ಮೇಲೆ ಒತ್ತುಗಳು. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತು: ನಮ್ಮ ಅಕ್ಷರಗಳೆಲ್ಲ ಕೈವಶವಾಗುವ ಕೆಲಸ ಮೊದಲ ಒಂದೆರಡು ತರಗತಿಗಳಲ್ಲಿ ಮುಗಿಯುವುದಿಲ್ಲ. ಹಾಗೆಂದು ಅರ್ಥದ ಕೆಲಸವನ್ನು ಅಲ್ಲಿಯವರೆಗೆ ಮುಂದೂಡಬೇಡಿ. ಅಕ್ಷರ ಬಾರದ ಮಗುವಿಗೂ ಕತೆ ಓದಿ ಹೇಳಿ ಕೆಳಗಿನ ಎಲ್ಲವನ್ನೂ ಮಾಡಿಸಬಹುದು. ನಾನು ಒಂದನೇ ತರಗತಿಯಲ್ಲೇ ಶುರು ಮಾಡುತ್ತೇನೆ.

ನಿಮ್ಮ ತಲೆಯಲ್ಲಿ ನಡೆಯುವುದನ್ನು ಬಾಯಿಬಿಟ್ಟು ಹೇಳಿ

ಮುಖ್ಯವಾದ ಕೆಲಸ ಇದು. ಉಳಿದದ್ದನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಓದುವಾಗ ನಮ್ಮ ತಲೆಯೊಳಗೆ ಏನೇನೋ ನಡೆಯುತ್ತಿರುತ್ತದೆ. ಹಿಂದಿನ ಸಾಲಿಗೆ ಗಂಟು ಹಾಕುತ್ತೇವೆ, ಚಿತ್ರ ಕಟ್ಟುತ್ತೇವೆ, ಬರೆಯದೆ ಬಿಟ್ಟದ್ದನ್ನು ಊಹಿಸುತ್ತೇವೆ. ಇದು ಹೊರಗೆ ಕಾಣುವುದಿಲ್ಲ. ರೊಟ್ಟಿ ತಟ್ಟುವುದನ್ನೋ ಹೂ ಕಟ್ಟುವುದನ್ನೋ ಮಗು ನೋಡಿ ಕಲಿಯಬಹುದು, ಓದುವುದನ್ನು ನೋಡಿದರೆ ಪುಸ್ತಕ ಹಿಡಿದು ಕೂತ ಒಬ್ಬ ಮನುಷ್ಯ ಮಾತ್ರ ಕಾಣುತ್ತಾನೆ. ಹಾಗಾಗಿ ಒಳಗಿನದನ್ನು ಮಾತಿನಲ್ಲಿ ಹೊರಗೆ ಹಾಕಬೇಕು.

ನಾನು ಬಳಸುವ ಒಂದು ಪುಟ್ಟ ಭಾಗ ಇಲ್ಲಿದೆ. ನೀವೂ ಬಳಸಬಹುದು.

"ಗಾಳಿ ಜೋರಾಗಿ ಬೀಸಿತು. ಕಿಟಕಿ ಪಟಪಟ ಬಡಿಯಿತು. ಅಕ್ಕ ಆಕಾಶ ನೋಡಿ ಹೊರಗೆ ಓಡಿದಳು. ಹಗ್ಗದ ಮೇಲಿದ್ದ ಬಟ್ಟೆಗಳನ್ನೆಲ್ಲ ಬಾಚಿಕೊಂಡು ಒಳಗೆ ಬಂದಳು. ತಮ್ಮನ ಹೊಸ ಅಂಗಿ ಮಾತ್ರ ಅದರಲ್ಲಿರಲಿಲ್ಲ. ಅವನು ಸಪ್ಪೆ ಮುಖ ಮಾಡಿಕೊಂಡು ಬಾಗಿಲಲ್ಲೇ ನಿಂತ. ನಾಳೆ ಅದನ್ನೇ ಹಾಕಿಕೊಳ್ಳಬೇಕೆಂದಿದ್ದ."

ಇದನ್ನು ಮಕ್ಕಳ ಮುಂದೆ ಹೀಗೆ ಓದುತ್ತೇನೆ. ಮೊದಲ ಎರಡು ವಾಕ್ಯ ಓದಿ ನಿಲ್ಲುತ್ತೇನೆ. "ಗಾಳಿ ಬೀಸ್ತಾ ಇದೆ, ಕಿಟಕಿ ಬಡೀತಾ ಇದೆ. ನನ್ನ ತಲೆಯಲ್ಲಿ ಒಂದು ಮನೆ ಕಾಣ್ತಿದೆ. ಮುಂದೆ ಏನೋ ಆಗುತ್ತೆ ಅನ್ನಿಸ್ತಿದೆ." ಮೂರನೇ ವಾಕ್ಯ. "ಆಕಾಶ ಯಾಕೆ ನೋಡಿದಳು? ಇಲ್ಲಿ ಬರೆದಿಲ್ಲ. ಗಾಳಿ ಬಂದಿದೆ, ಆಕಾಶ ನೋಡಿದಳು, ಓಡಿದಳು. ಮೋಡ ಕವಿದಿರಬೇಕು. ಸರಿಯೋ ಇಲ್ಲವೋ ಮುಂದೆ ನೋಡೋಣ." ನಾಲ್ಕನೇ ವಾಕ್ಯ. "ಹಾ, ಬಟ್ಟೆ ತಂದಳು. ಮಳೆ ಬರುತ್ತೆ ಅಂತಲೇ. ನನ್ನ ಊಹೆ ಸರಿ ಇರಬೇಕು." ಐದನೆಯದು. "ಅಂಗಿ ಇರಲಿಲ್ಲ. ಎಲ್ಲಿ ಹೋಯ್ತು? ಹಿಂದೆ ಹೋಗಿ ನೋಡ್ತೀನಿ... ಗಾಳಿ ಜೋರಾಗಿ ಬೀಸಿತು. ಹಾರಿಹೋಗಿರಬಹುದು." ಆರನೆಯದು. "ಅವನು ಅಂದರೆ ಯಾರು? ಇದುವರೆಗೆ ಬಂದವರು ಇಬ್ಬರೇ, ಅಕ್ಕ, ತಮ್ಮ. ಅವನು ಅಂದರೆ ತಮ್ಮ." ಏಳನೆಯದು. "ಅದನ್ನೇ ಅಂದರೆ ಯಾವುದನ್ನು? ಅಂಗಿಯನ್ನು. ಓಹೋ, ಅದಕ್ಕೇ ಮುಖ ಸಪ್ಪೆ."

ಇಷ್ಟೇ. ಏಳು ವಾಕ್ಯಕ್ಕೆ ಐದು ನಿಮಿಷ ಹಿಡಿಯುತ್ತದೆ. ಇದರಲ್ಲಿ ಮಳೆ ಎಂಬ ಪದವೇ ಇಲ್ಲ, ಅಂಗಿ ಹಾರಿಹೋಯಿತು ಎಂಬ ಮಾತೂ ಇಲ್ಲ, ತಮ್ಮನಿಗೆ ಬೇಸರವಾಯಿತು ಎಂದೂ ಬರೆದಿಲ್ಲ. ಕತೆಯ ಜೀವ ಆ ಬರೆಯದ ಮೂರು ಮಾತುಗಳಲ್ಲೇ ಇದೆ. ಬರೆದವರು ಅಷ್ಟನ್ನು ಓದುವವರಿಗೆ ಬಿಟ್ಟಿರುತ್ತಾರೆ ಎಂದು ಮಕ್ಕಳಿಗೆ ತಾನಾಗಿ ಗೊತ್ತಾಗುವುದಿಲ್ಲ. ಎಲ್ಲವೂ ಬರೆದಿರುತ್ತದೆ ಎಂದೇ ಅವರ ನಂಬಿಕೆ.

ಮೊದಲ ವಾರ ನಾನೊಬ್ಬಳೇ ಹೀಗೆ ಮಾತಾಡುತ್ತೇನೆ. ಎರಡನೇ ವಾರ ಅದೇ ಜಾಗಗಳಲ್ಲಿ ನಿಂತು, "ನಿಮ್ಮ ತಲೆಯಲ್ಲಿ ಏನು ಬಂತು?" ಅನ್ನುತ್ತೇನೆ. ಆಮೇಲೆ ಎಲ್ಲಿ ನಿಲ್ಲಬೇಕೆಂದು ಮಕ್ಕಳೇ ಹೇಳಬೇಕು. ಈ ಕ್ರಮ ತಿರುವುಮುರುವು ಮಾಡಿದರೆ, ಅಂದರೆ ತೋರಿಸುವ ಮೊದಲೇ ಕೇಳಿದರೆ, ಹಳೆಯ ಪರೀಕ್ಷೆಗೇ ಮರಳಿದ ಹಾಗೆ.

ಮಗು ಊಹೆ ಹೇಳಿದಾಗ ಸರಿ, ತಪ್ಪು ಅನ್ನುವ ಮೊದಲು ಒಂದು ಪ್ರಶ್ನೆ ಕೇಳಿ: "ಹಾಗಂತ ನಿನಗೆ ಹೇಳಿದ್ದು ಯಾವ ಸಾಲು?" ನನ್ನ ಇಷ್ಟು ವರ್ಷಗಳ ಕೆಲಸದಲ್ಲಿ ಇದಕ್ಕಿಂತ ಉಪಯೋಗಕ್ಕೆ ಬಂದ ಪ್ರಶ್ನೆ ಇನ್ನೊಂದಿಲ್ಲ. ಒಬ್ಬ ಹುಡುಗ, "ಅಂಗಿಯನ್ನು ನಾಯಿ ಎಳ್ಕೊಂಡು ಹೋಯ್ತು" ಅಂದ. ಯಾವ ಸಾಲು ಅಂದೆ. ಬೆರಳಿಟ್ಟು ಹುಡುಕಿದ, ನಾಯಿ ಎಲ್ಲೂ ಸಿಗಲಿಲ್ಲ. ಬೆರಳು ಮೊದಲ ಸಾಲಿಗೆ ಬಂದು ನಿಂತಿತು. "ಗಾಳಿ" ಅಂದ, ಮೆಲ್ಲಗೆ. ಅವನ ತಪ್ಪನ್ನು ನಾನು ತಿದ್ದಲಿಲ್ಲ, ಪುಟ ತಿದ್ದಿತು. ಊಹೆ ಪುಟಕ್ಕೆ ಕಟ್ಟುಬೀಳಬೇಕು ಎಂಬ ಪಾಠ ಅವನಿಗೆ ಅಲ್ಲಿಯೇ ಸಿಕ್ಕಿತು.

ಇದಕ್ಕಾಗಿ ಪುಸ್ತಕ ತೆರೆದೇ ಇರಲಿ. ಪುಸ್ತಕ ಮುಚ್ಚಿಸಿ ಪ್ರಶ್ನೆ ಕೇಳಿದರೆ ನಾವು ಅಳೆಯುವುದು ನೆನಪನ್ನು. ಹಿಂದಿರುಗಿ ನೋಡುವುದು ಕಳ್ಳತನವಲ್ಲ ಎಂದು ಮಕ್ಕಳಿಗೆ ಬಾಯಿಬಿಟ್ಟೇ ಹೇಳಬೇಕಾಗುತ್ತದೆ. ಎಷ್ಟೋ ಮಕ್ಕಳು ಹೆದರುತ್ತಾರೆ.

ಒಂದು ಗುಡಿಸು, ಒಂದು "ಇಲ್ಲ"

ಮಕ್ಕಳು ಎಡವುವುದು ದೊಡ್ಡ ದೊಡ್ಡ ಪದಗಳಲ್ಲಿ ಎಂದುಕೊಂಡಿದ್ದೆ. ಹತ್ತಿರ ಕೂತು ಕೇಳಿದಾಗ ಕಂಡದ್ದು ಬೇರೆ. ಕನ್ನಡದಲ್ಲಿ ಅರ್ಥ ತಿರುಗಿಬೀಳುವುದು ಪದದ ಬಾಲದಲ್ಲಿ, ಅದೂ ತೀರ ಸಣ್ಣ ಚಿಹ್ನೆಯಲ್ಲಿ.

"ನೋಡದೆ" ಮತ್ತು "ನೋಡಿದೆ". ನಡುವೆ ಇರುವುದು ಒಂದು ಗುಡಿಸು. ಒಂದರಲ್ಲಿ ನೋಡೇ ಇಲ್ಲ, ಇನ್ನೊಂದರಲ್ಲಿ ನೋಡಿಯಾಗಿದೆ. "ಹೇಳಿ ಹೋದ", "ಹೇಳದೆ ಹೋದ". ಬೇಗ ಬೇಗ ಓದುವ ಮಗು ಪದದ ಮೊದಲ ಎರಡು ಅಕ್ಷರ ನೋಡಿ ಉಳಿದದ್ದನ್ನು ಊಹಿಸಿಬಿಡುತ್ತದೆ. "ದಾರಿ ಗೊತ್ತಿಲ್ಲದಿದ್ದರೂ ಅವನು ಒಬ್ಬನೇ ಹೊರಟ" ಎಂಬುದನ್ನು "ಗೊತ್ತಿದ್ದರೂ" ಎಂದು ಓದಿ, ಆ ಹುಡುಗ ದಾರಿ ತಪ್ಪಿದ್ದು ಯಾಕೆಂದು ತಿಳಿಯದೆ ಕತೆಯ ಕೊನೆಯವರೆಗೂ ಪೇಚಾಡಿದ ಮಗುವನ್ನು ನಾನು ನೋಡಿದ್ದೇನೆ.

ಇಂಥ ಪದಗಳನ್ನು ಹಲಗೆಯ ಮೇಲೆ ಬಿಡಿಸಿ ತೋರಿಸಿ: ಗೊತ್ತು, ಇಲ್ಲದೆ, ಇದ್ದರೂ. ಮೂರು ತುಂಡು, ಮೂರು ಅರ್ಥ. ಮಕ್ಕಳು ಪೆನ್ಸಿಲ್ಲಿನಿಂದ ನಡುವೆ ಗೆರೆ ಎಳೆಯಲಿ. ಉದ್ದ ಪದವೆಂದರೆ ಹೆದರುತ್ತಿದ್ದವರು ಆಮೇಲೆ ಅದನ್ನು ರೈಲಿನ ಡಬ್ಬಿಗಳಂತೆ ಎಣಿಸತೊಡಗುತ್ತಾರೆ. ಸಂಧಿ ಎಂಬ ಹೆಸರು ಹೇಳುವ ಅಗತ್ಯವೇ ಇಲ್ಲ.

ಇನ್ನೊಂದು ಜಾಗ, ವಾಕ್ಯದೊಳಗೆ ವಾಕ್ಯ ಇರುವಲ್ಲಿ. "ನಿನ್ನೆ ಮರದಿಂದ ಬಿದ್ದ ಹುಡುಗನ ಅಣ್ಣ ಇವತ್ತು ಶಾಲೆಗೆ ಬಂದಿಲ್ಲ." ಶಾಲೆಗೆ ಬಾರದವನು ಯಾರು ಎಂದು ಕೇಳಿ ನೋಡಿ. ಅರ್ಧಕ್ಕರ್ಧ ಮಕ್ಕಳು, "ಮರದಿಂದ ಬಿದ್ದವನು" ಅನ್ನುತ್ತಾರೆ. ಅವರ ಬುದ್ಧಿಯೂ ಸರಿಯಾಗೇ ಓಡಿದೆ, ಬಿದ್ದವನೇ ತಾನೇ ಮನೆಯಲ್ಲಿರಬೇಕು! ಆದರೆ ವಾಕ್ಯ ಹಾಗೆ ಹೇಳಿಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ನಾನು ಹಿಂದಿನಿಂದ ಬಿಡಿಸಲು ಕಲಿಸುತ್ತೇನೆ. ಕೊನೆಯ ಪದ ಏನು? ಬಂದಿಲ್ಲ. ಯಾರು ಬಂದಿಲ್ಲ? ಅಣ್ಣ. ಯಾರ ಅಣ್ಣ? ಹುಡುಗನ ಅಣ್ಣ. ಯಾವ ಹುಡುಗ? ಮರದಿಂದ ಬಿದ್ದ ಹುಡುಗ. ದಿನಕ್ಕೆ ಇಂಥ ಎರಡು ವಾಕ್ಯ ಸಾಕು.

"ಆದರೂ", "ಆದ್ದರಿಂದ", "ಯಾಕೆಂದರೆ" ಇವುಗಳನ್ನು ಮಕ್ಕಳು ಸುಮ್ಮನೆ ದಾಟಿಬಿಡುತ್ತಾರೆ. ಅಲ್ಲಿ ಪುಟದ ಮೇಲೆ ಕೈಯಿಟ್ಟು ಮುಚ್ಚಿ. "ಅವನಿಗೆ ಈಜು ಬರುತ್ತಿರಲಿಲ್ಲ. ಆದ್ದರಿಂದ..." ಮುಂದೆ ಏನು? "ದಡದಲ್ಲೇ ಕೂತ." ಸರಿ, "ಆದರೂ..." ಅಂತಿದ್ದರೆ? "ನೀರಿಗೆ ಹಾರಿದ!" ಒಂದು ಪದ ಬದಲಾದರೆ ಕತೆಯೇ ಬದಲಾಗುವುದನ್ನು ಕಂಡಾಗ ಅವರ ಕಣ್ಣು ಅರಳುವುದನ್ನು ನೋಡಬೇಕು.

ಉಚ್ಚಾರದ ಬಗ್ಗೆ ಒಂದು ಮಾತು. ಮಗು "ಹಾರಿತು" ಎಂಬುದನ್ನು "ಆರಿತು" ಎಂದು ಓದಿದರೆ ಅಲ್ಲೇ ತಡೆಯಬೇಡಿ. ವಾಕ್ಯ ಮುಗಿಯಲಿ. ಹಕ್ಕಿ ಏನು ಮಾಡಿತು ಅಂತ ಕೇಳಿ, ಕೈ ಬಡಿದು ತೋರಿಸಿದರೆ ಅರ್ಥವಾಗಿದೆ, ಉಚ್ಚಾರ ಆಮೇಲೆ ತಿದ್ದಿದರಾಯಿತು. ದೀಪದ ಬಗ್ಗೆ ಯೋಚಿಸುತ್ತಿದ್ದರೆ ಆಗ ನಿಲ್ಲಿಸಿ. ಪದ ಪದಕ್ಕೂ ತಡೆದರೆ ಮಗುವಿನ ಗಮನವೆಲ್ಲ ನಮ್ಮ ಮುಖದ ಮೇಲಿರುತ್ತದೆ, ಕತೆಯ ಮೇಲಲ್ಲ.

ಅರ್ಥವಾಗಲಿಲ್ಲ ಎಂದು ಗೊತ್ತಾಗುವುದು

ಚೆನ್ನಾಗಿ ಓದುವವರಿಗೂ ನಡುನಡುವೆ ಅರ್ಥ ಕಳಚಿಕೊಳ್ಳುತ್ತದೆ. ಕಳಚಿತು ಎಂದು ಅವರಿಗೆ ಕೂಡಲೇ ತಿಳಿಯುತ್ತದೆ, ಹಿಂದೆ ಹೋಗುತ್ತಾರೆ. ಮಕ್ಕಳಿಗೆ ಅದು ತಿಳಿಯುವುದೇ ಇಲ್ಲ. ಎಲೆನ್ ಮಾರ್ಕ್‌ಮನ್ ಎಂಬ ಮನೋವಿಜ್ಞಾನಿ 1979ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಕ್ಕಳಿಗೆ ಸಣ್ಣ ಲೇಖನಗಳನ್ನು ಓದಿ ಹೇಳಲಾಯಿತು. ಅವುಗಳಲ್ಲೊಂದರಲ್ಲಿ ಸಮುದ್ರದ ತಳದಲ್ಲಿ ಬೆಳಕೇ ಇಲ್ಲ ಎಂದಿತ್ತು, ಅಲ್ಲಿನ ಮೀನುಗಳು ಆಹಾರವನ್ನು ಬಣ್ಣದಿಂದ ಗುರುತಿಸುತ್ತವೆ ಎಂದೂ ಇತ್ತು. ಕತ್ತಲಲ್ಲಿ ಬಣ್ಣ ಹೇಗೆ ಕಂಡೀತು ಎಂದು ಬಹಳಷ್ಟು ಮಕ್ಕಳು ಕೇಳಲಿಲ್ಲ. ದೊಡ್ಡ ತರಗತಿಯವರಲ್ಲೂ ಅನೇಕರು ಗಮನಿಸಲಿಲ್ಲ.

ನಾನು ಇದನ್ನೇ ಆಟ ಮಾಡಿಕೊಂಡೆ. ಐದಾರು ಸಾಲಿನ ಕತೆ ಬರೆದು ಅದರಲ್ಲಿ ಒಂದು ತಪ್ಪು ಬಚ್ಚಿಡುತ್ತೇನೆ. ಬೆಳಗ್ಗೆ ಹೊರಟವರು ನಕ್ಷತ್ರ ನೋಡುತ್ತ ನಡೆಯುತ್ತಾರೆ, ಕುಂಟುವ ಕಾಲು ಎಡದಿಂದ ಬಲಕ್ಕೆ ಬದಲಾಗುತ್ತದೆ, ಇಬ್ಬರು ಹೋಗಿ ಮೂವರು ಬರುತ್ತಾರೆ. "ಇದರಲ್ಲಿ ಒಂದು ತಪ್ಪಿದೆ" ಎಂದು ಮೊದಲೇ ಹೇಳಿ ಕೊಡುವುದು ಮುಖ್ಯ, ಇಲ್ಲದಿದ್ದರೆ ಪುಸ್ತಕದಲ್ಲಿ ಬಂದದ್ದೆಲ್ಲ ಸರಿ ಎಂದು ಒಪ್ಪಿಕೊಂಡುಬಿಡುತ್ತಾರೆ. ಕೆಲವು ವಾರ ಕಳೆದ ಮೇಲೆ ತಪ್ಪಿಲ್ಲದ ಕತೆಯನ್ನೂ ನಡುವೆ ಸೇರಿಸಿ. ಆಗ ಹುಡುಕಾಟ ಇನ್ನೂ ಹರಿತವಾಗುತ್ತದೆ.

ಅರ್ಥ ಕಳಚಿದಾಗ ಏನು ಮಾಡಬೇಕು? ಆ ವಾಕ್ಯವನ್ನು ಮತ್ತೆ ಓದು. ಆಗಲಿಲ್ಲವೇ, ಹಿಂದಿನ ವಾಕ್ಯದಿಂದ ಓದು. ಆಗಲಿಲ್ಲವೇ, ಮುಂದಿನ ಒಂದು ವಾಕ್ಯ ಓದಿ ನೋಡು. ಆಗಲೂ ಇಲ್ಲದಿದ್ದರೆ ಕೇಳು. ಹೊಸ ಪದಕ್ಕೂ ಇದೇ ದಾರಿ. "ಸಪ್ಪೆ ಮುಖ" ಗೊತ್ತಿರದ ಮಗು ಮುಂದಿನ ವಾಕ್ಯ ಓದಿದರೆ ಸಾಕು, ಆಸೆಪಟ್ಟ ಅಂಗಿ ಹೋದವನ ಮುಖ ಹೇಗಿರುತ್ತದೆಂದು ತಾನೇ ಹೇಳುತ್ತದೆ. ಆದರೆ ಪ್ರತಿ ಪದಕ್ಕೂ ಹೀಗೆ ಊಹಿಸು ಎನ್ನುವುದೂ ಕಷ್ಟ ಕೊಟ್ಟ ಹಾಗೆ. ಅಕ್ಕಪಕ್ಕದಲ್ಲಿ ಸುಳಿವೇ ಇಲ್ಲದಿದ್ದರೆ ಅರ್ಥ ಹೇಳಿ ಮುಂದೆ ಸಾಗಿ.

ಪುಟವೊಂದರಲ್ಲಿ ಗೊತ್ತಿಲ್ಲದ ಪದ ಬಂದಾಗಲೆಲ್ಲ ಮಗು ಒಂದು ಬೆರಳು ಮಡಚಲಿ. ಐದೂ ಬೆರಳು ಮಡಚಿದರೆ ಆ ಪುಸ್ತಕ ಸದ್ಯಕ್ಕೆ ನೀವು ಓದಿ ಹೇಳುವಂಥದ್ದು, ಮಗು ಒಂಟಿಯಾಗಿ ಓದುವಂಥದ್ದಲ್ಲ.

ಮಾಹಿತಿಯ ಪಾಠ ಬಂದಾಗ

ಕತೆಯನ್ನು ಅರ್ಥ ಮಾಡಿಕೊಂಡ ಮಗು ವಿಜ್ಞಾನದ ಪಾಠದಲ್ಲಿ ತಡವರಿಸುತ್ತದೆ. ಅಲ್ಲಿ ಅಕ್ಕ, ತಮ್ಮ ಯಾರೂ ಇಲ್ಲ, ಹಿಡಿದುಕೊಂಡು ಹೋಗಲು ಘಟನೆಯೂ ಇಲ್ಲ.

ಒಂದು ಪ್ಯಾರಾ ನೋಡಿ: "ಬಾವಲಿ ಹಾರುತ್ತದೆ. ಆದರೆ ಅದರ ಮೈಮೇಲೆ ಗರಿಗಳಿಲ್ಲ, ಕೂದಲಿದೆ. ಅದರ ರೆಕ್ಕೆ ಉದ್ದ ಬೆರಳುಗಳ ನಡುವೆ ಹರಡಿದ ತೆಳು ಚರ್ಮ. ಅದು ಮೊಟ್ಟೆ ಇಡುವುದಿಲ್ಲ, ಮರಿ ಹಾಕಿ ಹಾಲೂಡಿಸುತ್ತದೆ." ಇದರ ಮುಖ್ಯ ವಿಷಯ ಏನು ಎಂದರೆ ಮಕ್ಕಳು "ಬಾವಲಿ" ಅನ್ನುತ್ತಾರೆ, ಇಲ್ಲವೇ ಮೊದಲ ವಾಕ್ಯ ಒಪ್ಪಿಸುತ್ತಾರೆ. ಪ್ರಶ್ನೆಯನ್ನು ಎರಡಾಗಿ ಒಡೆಯಿರಿ. ಇದು ಯಾವುದರ ಬಗ್ಗೆ? ಬಾವಲಿಯ ಬಗ್ಗೆ. ಬಾವಲಿಯ ಬಗ್ಗೆ ಎಲ್ಲ ವಾಕ್ಯಗಳೂ ಸೇರಿ ಏನು ಹೇಳುತ್ತಿವೆ? ಗರಿ ಇಲ್ಲ, ಮೊಟ್ಟೆ ಇಲ್ಲ, ಚರ್ಮದ ರೆಕ್ಕೆ... "ಹಾರಿದರೂ ಅದು ಹಕ್ಕಿಯಲ್ಲ!" ಹೀಗೆಂದು ಪ್ಯಾರಾದಲ್ಲಿ ಎಲ್ಲೂ ಬರೆದಿಲ್ಲ. ಅದನ್ನು ತಾನೇ ಕಟ್ಟಿದ ಮಗುವಿನ ಮುಖದಲ್ಲಿ ಬರುವ ಹಿಗ್ಗಿಗಾಗಿಯೇ ನಾನು ಈ ಪಾಠ ಪ್ರತಿ ವರ್ಷ ಮಾಡುತ್ತೇನೆ.

ಇಂಥ ಪಾಠಗಳಲ್ಲಿ ಮೊದಲೇ ಇರುವ ತಿಳಿವಳಿಕೆ ಬಹಳ ಕೆಲಸ ಮಾಡುತ್ತದೆ. ಡೊನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ 1988ರಲ್ಲಿ 64 ವಿದ್ಯಾರ್ಥಿಗಳಿಗೆ ಬೇಸ್‌ಬಾಲ್ ಪಂದ್ಯದ ವಿವರಣೆ ಓದಿಸಿದರು. ಓದಿನಲ್ಲಿ ಹಿಂದಿದ್ದು ಆಟ ಬಲ್ಲವರು, ಓದಿನಲ್ಲಿ ಮುಂದಿದ್ದು ಆಟ ತಿಳಿಯದವರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ಹಾಗಾಗಿ ಪಾಠಕ್ಕೆ ಮೊದಲು ಐದು ನಿಮಿಷ ಆ ವಿಷಯದ ಬಗ್ಗೆ ಮಾತಾಡಿ, ಚಿತ್ರ ತೋರಿಸಿ. ಒಂದೇ ವಿಷಯದ ಮೇಲೆ ಮೂರ್ನಾಲ್ಕು ಪುಸ್ತಕಗಳನ್ನು ಒಟ್ಟಿಗೆ ಕೊಡಿ. ಮೊದಲನೆಯದು ಕಷ್ಟವಾಗುತ್ತದೆ, ನಾಲ್ಕನೆಯದು ಸಲೀಸು. "ನಿಧಾನ" ಎಂದು ಎಲ್ಲರೂ ಹೇಳುತ್ತಿದ್ದ ಹುಡುಗನೊಬ್ಬ ಇರುವೆಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ ಉಳಿದವರಿಗೆ ಪಾಠ ಹೇಳುವಂತಾದ.

ಕತೆ ಹೇಳಿಸುವುದು, ಚಿತ್ರ ಬರೆಸುವುದು

"ಕತೆ ಹೇಳು" ಅಂದರೆ ಮಗು ಒಂದೋ ಎಲ್ಲವನ್ನೂ ಹೇಳುತ್ತದೆ, ಇಲ್ಲವೇ ಮೊದಲ ಸಾಲು ಹೇಳಿ ನಿಲ್ಲುತ್ತದೆ. ಹಿಡಿದುಕೊಳ್ಳಲು ನಾಲ್ಕು ಮಾತು ಕೊಡಿ: ಯಾರಿಗೆ, ಏನು ಬೇಕಿತ್ತು, ಆದರೆ ಏನಾಯಿತು, ಅದಕ್ಕೆ ಏನು ಮಾಡಿದರು. ನಮ್ಮ ಅಂಗಿಯ ಕತೆಯಲ್ಲಿ: ತಮ್ಮನಿಗೆ ನಾಳೆ ಹೊಸ ಅಂಗಿ ಹಾಕಿಕೊಳ್ಳಬೇಕಿತ್ತು, ಆದರೆ ಅದು ಗಾಳಿಗೆ ಹಾರಿಹೋಯಿತು, ಅದಕ್ಕೆ... ಮುಂದೆ? ಕತೆ ಅಲ್ಲೇ ನಿಂತಿದೆ. ಮಕ್ಕಳು ತಾವೇ ಮುಂದುವರಿಸಲಿ.

ಬರೆಯಲು ಬೇಸರಪಡುವ ಮಕ್ಕಳಿಂದ ಚಿತ್ರ ಬರೆಸಿ. ಒಬ್ಬಳು ಹಗ್ಗ, ಅಕ್ಕ, ಮೋಡ ಎಲ್ಲ ಚೆಂದವಾಗಿ ಬರೆದು, ತಮ್ಮನ ಅಂಗಿಯನ್ನು ಹಗ್ಗದ ಮೇಲೆಯೇ ನೇತುಹಾಕಿದ್ದಳು. ಹತ್ತು ಪ್ರಶ್ನೆ ಕೇಳಿದ್ದರೂ ನನಗೆ ಅದು ಸಿಗುತ್ತಿರಲಿಲ್ಲ. "ಮಾತ್ರ" ಎಂಬ ಪದ ಅವಳ ಕಣ್ತಪ್ಪಿತ್ತು.

ಮಕ್ಕಳೇ ಟೀಚರ್ ಆದಾಗ

ಮೂರನೇ ತರಗತಿ ದಾಟಿದ ಮೇಲೆ ನಾಲ್ವರ ಗುಂಪು ಮಾಡಿ. ಆನ್‌ಮರಿ ಪಲಿಂಕ್ಸರ್ ಮತ್ತು ಆನ್ ಬ್ರೌನ್ 1984ರಲ್ಲಿ ವಿವರಿಸಿದ ವಿಧಾನ ಇದು. ಒಂದು ಪ್ಯಾರಾ ಓದಿದ ಮೇಲೆ ನಾಲ್ಕು ಕೆಲಸ: ಪ್ರಶ್ನೆ ಕೇಳುವುದು, ಸಾರ ಹೇಳುವುದು, ಗೊಂದಲವಿದ್ದದ್ದನ್ನು ಬಿಡಿಸುವುದು, ಮುಂದೇನೆಂದು ಊಹಿಸುವುದು. ಗುಂಪಿನಲ್ಲಿ ಒಬ್ಬರು ಟೀಚರ್ ಆಗಿ ಇದನ್ನು ನಡೆಸುತ್ತಾರೆ, ಮುಂದಿನ ಪ್ಯಾರಾಕ್ಕೆ ಇನ್ನೊಬ್ಬರು. ಚಿಕ್ಕ ಮಕ್ಕಳಿಗೆ ನಾಲ್ಕೂ ಒಟ್ಟಿಗೆ ಭಾರವಾಗುತ್ತದೆ. ನಾನು ತಲೆಗೊಂದು ಕೆಲಸ ಹಂಚಿ ಚೀಟಿ ಕೊಡುತ್ತೇನೆ, ಪ್ಯಾರಾ ಮುಗಿದಾಗ ಚೀಟಿ ಬಲಕ್ಕೆ ಸರಿಯುತ್ತದೆ. ಪ್ರಶ್ನೆ ಕೇಳುವ ಚೀಟಿ ಬಂದವರಿಗೆ ಒಂದೇ ನಿಯಮ: ಉತ್ತರ ಒಂದೇ ಸಾಲಿನಲ್ಲಿ ಸಿಗಬಾರದು. ಮೊದಲ ತಿಂಗಳು ಗದ್ದಲ ಹೆಚ್ಚು, ಕೆಲಸ ಕಡಿಮೆ. ಬಿಡಬೇಡಿ.

ಮನೆಯಲ್ಲಿ ಒಂದೇ ಮಗು ಇದ್ದರೆ ನೀವೂ ಮಗುವೂ ಸರದಿಯ ಮೇಲೆ ಮಾಡಬಹುದು. ಮಗು ಟೀಚರ್ ಆದಾಗ ನೀವು ಬೇಕೆಂದೇ ಒಂದು ತಪ್ಪು ಉತ್ತರ ಹೇಳಿ. "ಯಾವ ಸಾಲು ಹೇಳಿತು?" ಎಂದು ಅದು ನಿಮ್ಮನ್ನು ಕೇಳಿದರೆ ಕೆಲಸ ಅರ್ಧ ಆಯಿತು.

ದಿನಕ್ಕೆ ಹದಿನೈದು ನಿಮಿಷ ಸಾಕು. ಹದಿನೈದು ನಿಮಿಷದಲ್ಲಿ ಒಂದೇ ಪುಟವಾದರೂ ಸರಿ. ಪ್ರತಿ ಕತೆಗೂ ಉತ್ತರ ಬರೆಸಬೇಡಿ. ಕೆಲವು ಕತೆ ಸುಮ್ಮನೆ ಓದಿ, ನಕ್ಕು, ಪುಸ್ತಕ ಮುಚ್ಚಿಬಿಡಿ.

ಗಟ್ಟಿಯಾಗಿ ಓದುವುದರಿಂದ ಮನಸ್ಸಿನಲ್ಲೇ ಓದುವುದಕ್ಕೆ ಮಗು ಬದಲಾದಾಗ, ಅದು ಎಲ್ಲಿ ತಡವರಿಸಿತೆಂದು ನಮಗೆ ಕೇಳಿಸುವುದಿಲ್ಲ. ಆಗ ಕೈಗೊಂದು ಪೆನ್ಸಿಲ್ ಕೊಡಿ. ಅರ್ಥವಾಗದ ಜಾಗದಲ್ಲಿ ಅಂಚಿನಲ್ಲಿ ಒಂದು ಸಣ್ಣ ಚುಕ್ಕೆ ಇಡಲಿ. ಓದಿ ಮುಗಿದ ಮೇಲೆ ಆ ಚುಕ್ಕೆಗಳ ಬಗ್ಗೆ ಮಾತ್ರ ಮಾತಾಡಿ. ಚುಕ್ಕೆ ಇಟ್ಟದ್ದಕ್ಕೆ ಮೆಚ್ಚುಗೆ ಹೇಳಿ, ಏಕೆಂದರೆ ಮಗು ತನ್ನ ಓದನ್ನು ತಾನೇ ಗಮನಿಸಿದೆ. ಒಂದೂ ಚುಕ್ಕೆ ಇಲ್ಲದ ಪುಟ ಬಂದರೆ, ಆ ಪುಟದ ಅತಿ ಕಷ್ಟದ ವಾಕ್ಯವನ್ನು ನೀವೇ ಹುಡುಕಿ, ಅದರ ಕೆಳಗೆ ಬೆರಳಿಟ್ಟು, "ಇದನ್ನು ನನಗೆ ಬಿಡಿಸಿ ಹೇಳು" ಅನ್ನಿ. ಮಗು ಹೇಳಿದರೆ ಸಂತೋಷ. ಹೇಳಲಾಗದಿದ್ದರೆ ಪೆನ್ಸಿಲ್ ಮತ್ತೆ ಅದರ ಕೈಗೆ ಕೊಡಿ, ಚುಕ್ಕೆ ಅಲ್ಲಿ ಬೀಳಲಿ, ಇಬ್ಬರೂ ಕೊನೆಯ ಪದದಿಂದ ಶುರು ಮಾಡಿ.